ಅರುಣೋದಯದ ದೇಗುಲಕ್ಕೆ ದೋಣಿಯ ದಾರಿ: ಬ್ಯಾಂಕಾಕಿನ ವಾಟ್ ಅರುಣ್ ಕ್ಷೇತ್ರದ ನದೀ ಐತಿಹ್ಯಗಳು

ನದೀತೀರದ ಪುಣ್ಯಕ್ಷೇತ್ರಗಳನ್ನು ಕುರಿತ ಅಧ್ಯಯನಗಳು ಸಾಮಾನ್ಯವಾಗಿ ದೇಗುಲದ ಬಾಗಿಲಿನಿಂದ ಆರಂಭವಾಗುತ್ತವೆ. ಕಟ್ಟಿಸಿದವರು ಯಾರು, ಜೀರ್ಣೋದ್ಧಾರ ಮಾಡಿಸಿದವರು ಯಾರು, ಶಿಖರದ ಎತ್ತರವೆಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತರೆ ಕ್ಷೇತ್ರದ ಚರಿತ್ರೆ ಮುಗಿಯಿತೆಂಬ ಭಾವನೆ ವಿದ್ವತ್ ವಲಯದಲ್ಲಿ ಇಂದಿಗೂ ಉಳಿದಿದೆ. ಜನಪದರ ತಿಳಿವಳಿಕೆಯಲ್ಲಾದರೋ ಕ್ಷೇತ್ರವು ಬಾಗಿಲಿಗಿಂತ ಬಹಳ ಮೊದಲೇ, ಅಲ್ಲಿಗೆ ಹೋಗುವ ದಾರಿಯಲ್ಲಿಯೇ ಆರಂಭವಾಗುತ್ತದೆ. ಥಾಯ್ಲೆಂಡಿನ ರಾಜಧಾನಿ ಬ್ಯಾಂಕಾಕಿನಲ್ಲಿ ಚಾವೋ ಫ್ರಾಯಾ ನದಿಯ ಪಶ್ಚಿಮ ದಡದ ಮೇಲಿರುವ ವಾಟ್ ಅರುಣ್ ಎಂಬ ಬೌದ್ಧ ದೇವಾಲಯ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಹೆಸರಿನ ಕಥೆ, ಅದರ ಕಾವಲು ಯಕ್ಷರ ಕಥೆ, ವರ್ಷದ ವಸ್ತ್ರದಾನದ ವಿಧಿ, ಕೊನೆಗೆ ಅದರ ಶಿಖರಕ್ಕೆ ಮೆತ್ತಿದ ಪಿಂಗಾಣಿಯ ಚೂರುಗಳು ಕೂಡ ನೀರಿನ ಮೇಲಿನ ಸಂಚಾರದಿಂದಲೇ ಹುಟ್ಟಿದಂಥವು. 2019ರಲ್ಲಿ ನದಿಯ ತಳದಡಿಯಲ್ಲಿ ಹಾದುಹೋಗುವ ಸುರಂಗ ರೈಲುಮಾರ್ಗ ಆರಂಭವಾದ ಮೇಲೆ ದೋಣಿಯೇರದೆಯೂ ಈ ಕ್ಷೇತ್ರವನ್ನು ತಲಪುವುದು ಸುಲಭವಾಗಿದೆ. ಆದುದರಿಂದ ದೋಣಿಯ ದಾರಿಯೊಡನೆ ಬೆಳೆದು ಬಂದ ಐತಿಹ್ಯಗಳನ್ನು ಒಟ್ಟಾಗಿಟ್ಟು ನೋಡುವುದಕ್ಕೆ ಇದು ತಕ್ಕ ಕಾಲ.

ಮೊದಲು ನದಿಯ ಮಾತು. ಇಂದು ವಾಟ್ ಅರುಣ್ ಮುಂದೆ ವಿಶಾಲವಾಗಿ ಹರಿಯುವ ಪ್ರವಾಹ ಮೂಲತಃ ನದಿಯೇ ಅಲ್ಲ. ಚಾವೋ ಫ್ರಾಯಾ ಇಲ್ಲಿ ಪಶ್ಚಿಮಕ್ಕೆ ದೊಡ್ಡದೊಂದು ಬಳಸು ಹಾಕಿ ಮತ್ತೆ ತನ್ನ ಹತ್ತಿರಕ್ಕೇ ಬಂದು ಸೇರುತ್ತಿತ್ತು. ಸಮುದ್ರದಿಂದ ಅಯುತ್ಥಯ ರಾಜಧಾನಿಗೆ ಸಾಗುವ ಹಡಗುಗಳಿಗೆ ಈ ಬಳಸಿನಿಂದ ವೃಥಾ ಕಾಲಹರಣವಾಗುತ್ತಿತ್ತು. ಆದಕಾರಣ ದೊರೆ ಚೈರಾಚನ ಆಳ್ವಿಕೆಯಲ್ಲಿ, 1542ರ ಸುಮಾರಿಗೆ, ಬಳಸಿನ ಕೊರಳನ್ನು ಕತ್ತರಿಸಿ ನೇರ ಕಾಲುವೆಯೊಂದನ್ನು ತೋಡಲಾಯಿತು. ಕಾಲಕ್ರಮದಲ್ಲಿ ನೀರು ಈ ನೇರ ದಾರಿಯನ್ನೇ ಹಿಡಿದು ಕಾಲುವೆ ನದಿಯಾಯಿತು. ಹಳೆಯ ನದಿ ಕಿರಿದಾಗಿ ಕಾಲುವೆಯಾಯಿತು. ಇಂದಿನ ಬ್ಯಾಂಕಾಕ್ ನೋಯಿ ಮತ್ತು ಬ್ಯಾಂಕಾಕ್ ಯಾಯಿ ಎಂಬ ಕಾಲುವೆಗಳು ಆ ಹಳೆಯ ಪಾತ್ರದ ಅವಶೇಷಗಳು. ಮನುಷ್ಯರು ತೋಡಿದ ಕಾಲುವೆಗೂ ಹುಟ್ಟುಹರಿವಿಗೂ ದೋಣಿಯವರ ಭಕ್ತಿಯಲ್ಲಿ ಭೇದವಿಲ್ಲ. ಥಾಯ್ ಭಾಷೆಯಲ್ಲಿ ನದಿಗೆ ‘ಮೇ ನಾಮ್’ ಎಂದು ಹೆಸರು. ಮೇ ಎಂದರೆ ತಾಯಿ, ನಾಮ್ ಎಂದರೆ ನೀರು. ಹೊಳೆಯನ್ನು ಗಂಗಮ್ಮ ಎಂದು ಕರೆಯುವ ಕನ್ನಡ ಜನಪದರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ದಡದ ಹಳೆಯ ಊರಿನ ಹೆಸರು ಬಾಂಗ್ ಮಕೋಕ್. ಬಾಂಗ್ ಎಂದರೆ ನೀರಂಚಿನ ಹಳ್ಳಿ. ಮಕೋಕ್ ಎಂದರೆ ನಮ್ಮ ಮಲೆನಾಡು ಕರಾವಳಿಗಳಲ್ಲಿ ಉಪ್ಪಿನಕಾಯಿಗೂ ಹುಳಿಗೂ ಒದಗುವ ಅಮಟೆ. ದೇವಾಲಯಕ್ಕೂ ಮೊದಲು ವಾಟ್ ಮಕೋಕ್, ಅಂದರೆ ಅಮಟೆಯ ದೇಗುಲ ಎಂಬ ಹೆಸರೇ ಇದ್ದಿತು. ಬಾಂಗ್ ಮಕೋಕ್ ಎಂಬುದೇ ಸವೆದು ಬ್ಯಾಂಕಾಕ್ ಆಯಿತೆಂಬುದು ಬಹುಮಂದಿ ಒಪ್ಪುವ ನಿಷ್ಪತ್ತಿ. ‘ಕೋ’ ಎಂದರೆ ದ್ವೀಪ. ಆದ್ದರಿಂದ ಕಾಲುವೆ ತೋಡಿದ ಮೇಲೆ ದ್ವೀಪದಂತಾದ ಹಳ್ಳಿ ಎಂಬರ್ಥವೂ ಇರಬಹುದೆಂದು ಇನ್ನೊಂದು ಪಕ್ಷವಿದೆ. ಹುಣಸೂರು, ಹಲಸೂರು ಮೊದಲಾದ ಹೆಸರುಗಳನ್ನು ಬಲ್ಲ ಸ್ಥಳನಾಮ ಅಧ್ಯಯನಕಾರರಿಗೆ ಮೊದಲನೆಯ ಪಕ್ಷವೇ ಹೆಚ್ಚು ಸಹಜವೆನಿಸಿದರೆ ಆಶ್ಚರ್ಯವಿಲ್ಲ. ‘ವಾಟ್’ ಎಂಬ ಪದ ಆವರಣ ಎಂಬರ್ಥದ ‘ವಾಟ’ದಿಂದ ಬಂದುದೆಂದು ಹೇಳುವುದು ರೂಢಿ.

ಅಮಟೆಯ ದೇಗುಲವು ಅರುಣೋದಯದ ದೇಗುಲವಾದ ಕಥೆ ಹೀಗಿದೆ. 1767ರ ಏಪ್ರಿಲ್ ತಿಂಗಳಲ್ಲಿ ಬರ್ಮೀಯರ ಮುತ್ತಿಗೆಗೆ ಅಯುತ್ಥಯ ಬಿದ್ದಿತು. ನಾಲ್ಕು ಶತಮಾನಗಳ ರಾಜಧಾನಿ ಬೂದಿಯಾಯಿತು. ತಕ್ಸಿನ್ ಎಂಬ ಸೇನಾನಿ ದೇಶವನ್ನು ಮರಳಿ ಕಟ್ಟಲು ಹೊರಟು, ಪಾಳುಬಿದ್ದ ನಗರವನ್ನು ಬಿಟ್ಟು ತನ್ನವರೊಡನೆ ದೋಣಿಗಳಲ್ಲಿ ನದಿಯ ಕೆಳಗೆ ಸಾಗಿದನು. ರಾತ್ರಿಯೆಲ್ಲಾ ಪ್ರಯಾಣ ಮಾಡಿದ ದೋಣಿಗಳು ಈ ದೇಗುಲದ ಮುಂದೆ ಬರುವಾಗ ಸರಿಯಾಗಿ ಮೂಡಲು ಕೆಂಪಾಯಿತು. ತಕ್ಸಿನ್ ದೋಣಿ ನಿಲ್ಲಿಸಿ, ಇಳಿದು, ಬುದ್ಧನಿಗೆ ನಮಸ್ಕರಿಸಿ, ದೇಗುಲಕ್ಕೆ ವಾಟ್ ಚೇಂಗ್ ಎಂದು ಹೆಸರಿಟ್ಟನು. ಚೇಂಗ್ ಎಂದರೆ ಬೆಳಕು ಹರಿಯುವುದು.

ಚರಿತ್ರೆಯ ದಾಖಲೆಗಳು ಈ ಕಥೆಯನ್ನು ಪೂರ್ತಿಯಾಗಿ ಬೆಂಬಲಿಸುವುದಿಲ್ಲ, ಪೂರ್ತಿಯಾಗಿ ಅಲ್ಲಗಳೆಯುವುದೂ ಇಲ್ಲ. ತಕ್ಸಿನ್ ಅಯುತ್ಥಯ ಬೀಳುವ ಮೊದಲೇ ಮುತ್ತಿಗೆಯನ್ನು ಭೇದಿಸಿಕೊಂಡು ಪೂರ್ವದ ಕಡೆಗೆ ಹೊರಟುಹೋಗಿದ್ದನು. ಚಂಥಬುರಿಯಲ್ಲಿ ನೌಕಾಬಲವನ್ನು ಕೂಡಿಸಿಕೊಂಡು, ಅದೇ ವರ್ಷದ ಕೊನೆಯಲ್ಲಿ ಸಮುದ್ರಮಾರ್ಗವಾಗಿ ಬಂದು ನದೀಮುಖವನ್ನು ಹೊಕ್ಕು, ಮೊದಲು ಥೊನ್‌ಬುರಿಯನ್ನೂ ಆಮೇಲೆ ಅಯುತ್ಥಯವನ್ನೂ ವಶಪಡಿಸಿಕೊಂಡನು. ಅಂದರೆ ಅವನು ಈ ದೇಗುಲವನ್ನು ಮೊದಲು ಕಂಡದ್ದು ಪ್ರವಾಹದ ವಿರುದ್ಧ ಬರುವಾಗ, ಯುದ್ಧದ ನಡುವೆ. ಐತಿಹ್ಯವು ಆ ಆಗಮನವನ್ನು ಬಿಟ್ಟು, ಸೋತ ನಗರದಿಂದ ಹೊಸ ನಗರಕ್ಕೆ ಪ್ರವಾಹದೊಡನೆ ಸಾಗಿದ ಎರಡನೆಯ ಪಯಣವನ್ನೇ ಆಯ್ದುಕೊಂಡಿದೆ. ದೇಗುಲವಂತೂ ತಕ್ಸಿನನಿಗಿಂತ ಒಂದು ಶತಮಾನದಷ್ಟು ಹಳೆಯದು. ದೊರೆ ನರೈಯ ಕಾಲದಲ್ಲಿ, ಅಂದರೆ 17ನೆಯ ಶತಮಾನದ ಉತ್ತರಾರ್ಧದಲ್ಲಿ, ಫ್ರೆಂಚರು ಬರೆದ ನಕ್ಷೆಯಲ್ಲಿ ಈ ಸ್ಥಳ ಗುರುತಾಗಿದೆ.

ರಾಜಧಾನಿಯ ಸ್ಥಾಪನೆಗೆ ಶುಭಶಕುನವೊಂದು ಬೇಕೆಂಬುದು ಎಲ್ಲ ಕಡೆಯ ಐತಿಹ್ಯಗಳ ಸಾಮಾನ್ಯ ಆಶಯ. ಕರ್ನಾಟಕದಲ್ಲಿ ವಿಜಯನಗರವನ್ನು ಮೊದಲುಮಾಡಿಕೊಂಡು ಅನೇಕ ಊರುಗಳ ಹುಟ್ಟಿನ ಕಥೆಯಲ್ಲಿ ಮೊಲವು ಬೇಟೆನಾಯಿಯನ್ನು ಅಟ್ಟಿಸಿಕೊಂಡು ಬರುತ್ತದೆ. ಅದು ಗಂಡುಮೆಟ್ಟಿನ ನೆಲದ ಶಕುನ, ನೆಲದ ಮೇಲೆ ಕುದುರೆಯೇರಿ ಹೋಗುವ ಅರಸನಿಗೆ ಕಾಣುವ ಶಕುನ. ಚಾವೋ ಫ್ರಾಯಾದ ಕಥೆಯಲ್ಲಿ ಪ್ರಾಣಿಯಿಲ್ಲ, ಕಾದಾಟವಿಲ್ಲ. ದೋಣಿ, ಕತ್ತಲೆ, ದಡ, ಬೆಳಕು ಇಷ್ಟೇ ಅದರ ಸಾಮಗ್ರಿ. ನೀರನ್ನೇ ಬೀದಿಯಾಗಿ ಮಾಡಿಕೊಂಡಿದ್ದ ಸಮಾಜ ತನ್ನ ಸೋಲಿನ ನೆನಪನ್ನು ಗೆಲುವಿನ ನೆನಪಾಗಿ ಮಾರ್ಪಡಿಸಿಕೊಂಡದ್ದು ಹೀಗೆ.

ತಕ್ಸಿನ್ ಈ ದೇಗುಲವನ್ನು ತನ್ನ ಅರಮನೆಯ ಆವರಣಕ್ಕೆ ಸೇರಿಸಿಕೊಂಡನು. ಅರಮನೆಯ ದೇಗುಲವಾದುದರಿಂದ ಆ ಕಾಲದಲ್ಲಿ ಇಲ್ಲಿ ಭಿಕ್ಷುಗಳ ವಾಸವಿರಲಿಲ್ಲ. 1779ರಲ್ಲಿ ವಿಯೆಂಟಿಯಾನಿನಿಂದ ತಂದ ಹಸಿರು ಶಿಲೆಯ ಬುದ್ಧವಿಗ್ರಹ ಕೆಲವು ವರ್ಷ ಇಲ್ಲಿಯೇ ಪೂಜೆಗೊಂಡಿತು. 1782ರಲ್ಲಿ ಚಕ್ರಿ ವಂಶದ ಮೊದಲನೆಯ ರಾಮ ಪಟ್ಟಕ್ಕೆ ಬಂದು ರಾಜಧಾನಿಯನ್ನು ಪೂರ್ವದ ದಡಕ್ಕೆ ಒಯ್ದನು. 1784ರಲ್ಲಿ ವಿಗ್ರಹವೂ ನದಿಯನ್ನು ದಾಟಿ ಹೊಸ ಅರಮನೆಯ ದೇಗುಲವನ್ನು ಸೇರಿತು. ಅಂದಿನಿಂದ ವಾಟ್ ಚೇಂಗ್ ಎದುರು ದಡದ ದೇಗುಲವಾಯಿತು, ರಾಜಧಾನಿಯವರು ದೋಣಿಯೇರಿ ಹೋಗಬೇಕಾದ ದೇಗುಲವಾಯಿತು. ಎರಡನೆಯ ರಾಮ ಇದನ್ನು ಜೀರ್ಣೋದ್ಧಾರ ಮಾಡಿಸಿ ಅರುಣನ ಹೆಸರನ್ನು ಕೊಟ್ಟನು. ಥಾಯ್ ಮಾತಿನ ಚೇಂಗ್ ಹೀಗೆ ಸಂಸ್ಕೃತದ ಅರುಣನಾಗಿ ಮಾರ್ಪಟ್ಟರೂ ಹಳೆಯ ಜನ ಇಂದಿಗೂ ವಾಟ್ ಚೇಂಗ್ ಎಂದೇ ಅನ್ನುತ್ತಾರೆ.

ದೂರದಿಂದಲೇ ಕಣ್ಣಿಗೆ ಬೀಳುವ ‘ಪ್ರಾಂಗ್’ ಎಂಬ ಶಿಖರವು ಮೊದಲು ಸುಮಾರು 16 ಮೀಟರ್ ಎತ್ತರದ ಸಾಧಾರಣ ಕಟ್ಟಡವಾಗಿತ್ತು. ಅದನ್ನು ಹಿಗ್ಗಿಸುವ ಕಾರ್ಯ ಎರಡನೆಯ ರಾಮನ ಕಾಲದಲ್ಲಿ (1809-1824) ಆರಂಭವಾಗಿ ಮೂರನೆಯ ರಾಮನ ಕಾಲದಲ್ಲಿ (1824-1851) ಪೂರ್ಣಗೊಂಡಿತು. ಅಳತೆಯ ವಿಷಯದಲ್ಲಿ ಗ್ರಂಥಗಳಲ್ಲಿ ಒಮ್ಮತವಿಲ್ಲ. 67ರಿಂದ 86 ಮೀಟರ್‌ಗಳವರೆಗೆ ಬೇರೆ ಬೇರೆ ಅಂಕಿಗಳು ದೊರೆಯುತ್ತವೆ. ಜಾನಪದದ ದೃಷ್ಟಿಯಿಂದ ಎತ್ತರಕ್ಕಿಂತ ಹೊದಿಕೆಯೇ ಮುಖ್ಯವಾದುದು. ಶಿಖರದ ಮೈತುಂಬ ಪಿಂಗಾಣಿ ತಟ್ಟೆ ಬಟ್ಟಲುಗಳ ಚೂರುಗಳನ್ನೂ ಕಪ್ಪೆಚಿಪ್ಪುಗಳನ್ನೂ ಹೂವಿನ ಎಸಳಾಗುವಂತೆ, ಎಲೆಯಾಗುವಂತೆ ಜೋಡಿಸಿ ಮೆತ್ತಲಾಗಿದೆ. ಚೀನಾ ದೇಶದೊಡನೆ ವ್ಯಾಪಾರ ಮಾಡುತ್ತಿದ್ದ ಹಡಗುಗಳು ಹೊಯ್ದಾಡದಂತೆ ತಳದಲ್ಲಿ ಭಾರಕ್ಕಾಗಿ ತುಂಬಿ ತರುತ್ತಿದ್ದ ಪಿಂಗಾಣಿಯೂ ಒಡೆದ ಸರಕೂ ಇಲ್ಲಿ ಬಳಕೆಯಾಯಿತೆಂಬುದು ಪ್ರಸಿದ್ಧ. ಚೂರುಗಳು ಸಾಲದೆ ಬಂದಾಗ ಪ್ರಜೆಗಳು ತಮ್ಮ ತಮ್ಮ ಮನೆಯ ಒಡೆದ ಪಾತ್ರೆಗಳನ್ನು ತಂದು ಒಪ್ಪಿಸಿದರೆಂಬ ಹೇಳಿಕೆಯೂ ಇದೆ. ಬೋಕಿ ಎಂದು ತಿಪ್ಪೆಗೆ ಎಸೆಯುವ ವಸ್ತು ದೇಗುಲದ ಶಿಖರವನ್ನೇರಿದ ಈ ಕಥೆಯನ್ನು ಅರಸನ ಔದಾರ್ಯಕ್ಕಿಂತ ಅಡುಗೆಮನೆಯ ಭಕ್ತಿಯೆಂದು ಓದುವುದೇ ಸರಿ.

ಪೂರ್ವದ ದಡದ ತಾ ತಿಯೆನ್ ಕಡವಿನಿಂದ ದೋಣಿ ಬಿಟ್ಟರೆ ಕೆಲವೇ ನಿಮಿಷಗಳ ಪಯಣ. ಅಷ್ಟರೊಳಗೆ ಶಿಖರದ ರೂಪ ಮೂರು ಬಾರಿ ಬದಲಾಗುತ್ತದೆ. ಕಡವಿನಿಂದ ಅದು ಬಣ್ಣವಿಲ್ಲದ ಬೂದುಬಿಳಿಯ ಗೋಪುರ. ನಡುನೀರಿನಲ್ಲಿ ಸುತ್ತಲಿನ ನಾಲ್ಕು ಕಿರಿಯ ಶಿಖರಗಳು ಬೇರ್ಪಟ್ಟು ಕಾಣುತ್ತವೆ. ದಡ ಹತ್ತಿರವಾದಂತೆ ಹಸಿರು, ಹಳದಿ, ಕೆಂಪು ಹೂವುಗಳು ಒಮ್ಮೆಗೇ ಅರಳುತ್ತವೆ. ಸಾಲುಸಾಲಾಗಿ ಅಟ್ಟಣೆಗಳನ್ನು ಹೊತ್ತು ನಿಂತ ಯಕ್ಷರು, ವಾನರರು, ಮೇಲೆ ಗೂಡಿನಲ್ಲಿ ಐರಾವತವನ್ನೇರಿದ ಇಂದ್ರ, ಕಿರಿಯ ಶಿಖರಗಳಲ್ಲಿ ಕುದುರೆಯೇರಿದ ವಾಯುದೇವ ಕ್ರಮವಾಗಿ ಗೋಚರಿಸುತ್ತಾರೆ. ನಡುವಿನ ಶಿಖರ ಮೇರುಪರ್ವತವೆಂದೂ ಮುಂದಿನ ನೀರು ಅದನ್ನು ಸುತ್ತಿದ ಸಾಗರವೆಂದೂ ಕಲಾಚರಿತ್ರೆಕಾರರು ವಿವರಿಸುತ್ತಾರೆ. ಸಂಕೇತ ಸರಿಯಾದುದೇ. ಆದರೆ ದೋಣಿಯಲ್ಲಿ ತರಕಾರಿಯ ಬುಟ್ಟಿಯೊಡನೆ ಕುಳಿತ ಹೆಂಗಸು ಮೇರುವನ್ನು ನೆನೆದು ಕೈಮುಗಿಯುತ್ತಾಳೆಂದು ಭಾವಿಸುವುದು ಅವಸರದ ಮಾತಾದೀತು. ನಿತ್ಯ ದಾಟುವವರ ಬಾಯಲ್ಲಿರುವುದು ಮೇರುವಿನ ಕಥೆಯಲ್ಲ, ಯಕ್ಷರ ಜಗಳದ ಕಥೆ.

ಥಾಯ್ ಮಾತಿನ ‘ಯಕ್’ ನಮ್ಮ ಯಕ್ಷ ಶಬ್ದವೇ. ಆದರೆ ಅದರ ವ್ಯಾಪ್ತಿ ದೊಡ್ಡದು. ನಾವು ರಾಕ್ಷಸರೆನ್ನುವವರೂ ಅಲ್ಲಿ ಯಕ್ಷರೇ. ವಾಟ್ ಅರುಣ್ ದೇಗುಲದ ಉಪೋಸಥ ಮಂದಿರದ ಬಾಗಿಲಿನಲ್ಲಿ ಇಬ್ಬರು ಯಕ್ಷರು ಗದೆಯೂರಿ ನಿಂತಿದ್ದಾರೆ. ಬಿಳಿಯ ಮೈಯವನು ಸಹತ್ಸದೇಚ, ಹಸಿರು ಮೈಯವನು ತೋತ್ಸಕಾನ್. ತೋತ್ಸಕಾನ್ ಎಂದರೆ ದಶಕಂಠ, ನಮ್ಮ ರಾವಣ. ಥಾಯ್ ರಾಮಕಥೆಯಾದ ರಾಮಕಿಯೆನ್‌ನಲ್ಲಿ ಸೀತೆಯನ್ನು ಕದ್ದವನೇ ಬುದ್ಧನ ಬಾಗಿಲು ಕಾಯುತ್ತಾನೆ. ಭೀಕರನಾದವನೇ ಕಾವಲಿಗೆ ತಕ್ಕವನೆಂಬ ಈ ತರ್ಕ, ನಮ್ಮ ದೇವಾಲಯಗಳ ಕೋರೆದಾಡೆಯ ದ್ವಾರಪಾಲಕರನ್ನೂ ಯಕ್ಷಗಾನದ ಬಣ್ಣದ ವೇಷಗಳನ್ನೂ ಬಲ್ಲವರಿಗೆ ವಿಚಿತ್ರವೆನಿಸದು.

ಕಥೆಯ ಬಹು ಪ್ರಚಲಿತ ಪಾಠ ಹೀಗಿದೆ. ಪೂರ್ವದ ದಡದಲ್ಲಿರುವ ವಾಟ್ ಫೋ ದೇಗುಲದ ಯಕ್ಷನಿಗೆ ಒಮ್ಮೆ ಹಣದ ಅಡಚಣೆಯಾಯಿತು. ಅವನು ನದಿ ದಾಟಿ ಬಂದು ವಾಟ್ ಚೇಂಗ್ ಯಕ್ಷನಲ್ಲಿ ಸಾಲ ಕೇಳಿ, ಇಂಥ ದಿನ ತೀರಿಸುತ್ತೇನೆಂದು ಮಾತು ಕೊಟ್ಟನು. ವಾಯಿದೆ ಮುಗಿದರೂ ಹಣ ಬರಲಿಲ್ಲ. ಸಾಲ ಕೊಟ್ಟವನು ಕಾದು ಕಾದು ತಾನೇ ನದಿ ದಾಟಿ ಹೋಗಿ ಕೇಳಿದನು. ಸಾಲಗಾರ ಇಲ್ಲವೆಂದನು. ಇಬ್ಬರಿಗೂ ಕೈಕೈ ಹತ್ತಿತು. ಮಲೆಯಂಥ ಮೈಯವರು ತುಳಿದಾಡಿದ ಕಾರಣ ದಡದ ಮರಗಿಡ, ಮನೆಮಠಗಳೆಲ್ಲ ನೆಲಸಮವಾದುವು. ಈ ಅನಾಹುತವನ್ನು ಕಂಡ ಈಶ್ವರನು ಕೋಪಗೊಂಡು ಇಬ್ಬರನ್ನೂ ಕಲ್ಲಾಗುವಂತೆ ಶಪಿಸಿ ತಮ್ಮ ತಮ್ಮ ದೇಗುಲದ ಬಾಗಿಲು ಕಾಯಲು ನಿಲ್ಲಿಸಿದನು. ತಿಯೆನ್ ಎಂದರೆ ಏನೂ ಉಳಿಯದಂತೆ ಬೋಳಾದುದು. ‘ತಾ’ ಎಂದರೆ ಕಡವು. ಆ ಬೋಳು ದಡವೇ ತಾ ತಿಯೆನ್. ಇನ್ನೊಂದು ಪಾಠದಲ್ಲಿ ಅರಮನೆಯ ದೇಗುಲವಾದ ವಾಟ್ ಫ್ರಾ ಕೇವ್‌ನ ಯಕ್ಷರು ನಡುವೆ ಬಂದು ಜಗಳ ಬಿಡಿಸುತ್ತಾರೆ. ಮೂರು ದೇಗುಲಗಳ ನಡುವಿನ ತಾರತಮ್ಯವನ್ನು ಜನ ಹೇಗೆ ಗ್ರಹಿಸಿದ್ದರೆಂಬುದಕ್ಕೆ ಈ ಪಾಠ ಸೂಚಕವಾಗಿದೆ. ನ್ಯಾಯ ಹೇಳುವ ಅಧಿಕಾರ ಅರಮನೆಯ ಯಕ್ಷರಿಗೇ ಸಂದಿದೆ.

ತಾ ತಿಯೆನ್ ಹೆಸರಿಗೆ ಬೇರೆ ವಿವರಣೆಗಳೂ ಇವೆ. ಇಲ್ಲಿ ನೆಲೆಸಿದ್ದ ವಿಯೆಟ್ನಾಮಿನ ಜನ ತಮ್ಮ ಊರಾದ ಹಾ ತಿಯೆನ್ ಹೆಸರನ್ನು ಈ ಜಾಗಕ್ಕಿಟ್ಟರೆಂಬುದು ಒಂದು. ದೊಡ್ಡ ಬೆಂಕಿಯೊಂದು ದಡವನ್ನು ಬೋಳುಮಾಡಿತೆಂಬುದು ಇನ್ನೊಂದು. ವಿದ್ವಾಂಸರು ಇವುಗಳಲ್ಲಿ ಒಂದನ್ನು ಆಯ್ದುಕೊಳ್ಳಬಹುದು. ಆದರೆ ಕಥೆಯ ಜೀವ ಹೆಸರಿನ ನಿಷ್ಪತ್ತಿಯಲ್ಲಿಲ್ಲ. ಅದು ದೋಣಿಗಳೂ ಸರಕುಗಳೂ ತುಂಬಿದ್ದ, ಸಾಲ ವಾಯಿದೆಗಳ ಮೇಲೆಯೇ ನಡೆಯುತ್ತಿದ್ದ ಪೇಟೆಯ ದಡದಲ್ಲಿ ಹೇಳುತ್ತ ಬಂದ ಕಥೆ. ದೇವಲೋಕದ ಯಾವ ಘನವಾದ ಕಾರಣವೂ ಇಲ್ಲದೆ ಕೊಟ್ಟ ಹಣ ಬರಲಿಲ್ಲವೆಂದು ಯಕ್ಷರು ಹೊಡೆದಾಡುವುದು ಪೇಟೆಯವರ ನಗೆಯ ಲಕ್ಷಣ. 1973ರಲ್ಲಿ ಇದೇ ಹೆಸರಿನ ಚಲನಚಿತ್ರವೊಂದು ಬಂದು ಯಕ್ಷರ ಯುದ್ಧವನ್ನು ಮಕ್ಕಳ ಮುಂದೆ ತೆರೆಯ ಮೇಲೆ ಆಡಿಸಿತು. ಇಂದಿನ ಪ್ರವಾಸಿಗಳು ವಾಟ್ ಫೋ ಆವರಣದ ಬಾಗಿಲುಗಳಲ್ಲಿರುವ ಎತ್ತರದ ಚೀನೀ ಕಲ್ಲುಗೊಂಬೆಗಳನ್ನೇ ಆ ಸಾಲಗಾರ ಯಕ್ಷರೆಂದು ತಿಳಿದು ಚಿತ್ರ ತೆಗೆಸಿಕೊಳ್ಳುವುದುಂಟು. ಅವು ಹಡಗಿನ ತಳದ ಭಾರವಾಗಿ ಬಂದ ಕಲ್ಲುಗಳು. ನಿಜವಾದ ವಾಟ್ ಫೋ ಯಕ್ಷರು ಗ್ರಂಥಮಂಟಪದ ಬಾಗಿಲಿನಲ್ಲಿರುವ, ಆಳೆತ್ತರದ ಸಣ್ಣ ಮೂರ್ತಿಗಳು. ಕಥೆಯಲ್ಲಿ ಊರನ್ನೇ ತುಳಿದವರು ಇಷ್ಟು ಕಿರಿಯರೇ ಎಂದು ನೋಡಿದವರಿಗೆ ಅನಿಸದಿರದು.

ನಿತ್ಯದ ಕಡವಿನ ದೋಣಿಯ ಎದುರಿಗೆ ಇಡಬೇಕಾದುದು ರಾಜನೌಕೆಗಳ ಮೆರವಣಿಗೆ. ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಸಂಚರಿಸದೆ ಒಂದೆಡೆ ನೆಲೆನಿಲ್ಲುವುದು ಬೌದ್ಧ ಸಂಘದ ಪ್ರಾಚೀನ ನಿಯಮ. ಆಶ್ವಯುಜದ ಹುಣ್ಣಿಮೆಗೆ ಈ ವರ್ಷಾವಾಸ ಮುಗಿಯುತ್ತದೆ. ಅಲ್ಲಿಂದ ಕಾರ್ತಿಕದ ಹುಣ್ಣಿಮೆಯವರೆಗೆ ಗೃಹಸ್ಥರು ಭಿಕ್ಷುಗಳಿಗೆ ಹೊಸ ಚೀವರವನ್ನು ದಾನ ಮಾಡುತ್ತಾರೆ. ಇದಕ್ಕೆ ಕಠಿನ ಎಂದು ಹೆಸರು. ಬಟ್ಟೆಯನ್ನು ಬಿಗಿದು ಹೊಲಿಯುತ್ತಿದ್ದ ಗಟ್ಟಿ ಚೌಕಟ್ಟಿನಿಂದ ಬಂದ ಪದ. ಮಳೆ ನಿಂತು ನದಿ ತುಂಬಿರುವ, ಗದ್ದೆಯ ಕೆಲಸ ಹಗುರವಾಗಿರುವ ಈ ಕಾಲದಲ್ಲಿ ದಾನದ ವಸ್ತ್ರ ದೋಣಿಯಲ್ಲಿ ಸಾಗುವುದು ಸಹಜವೇ ಆಗಿತ್ತು. ಅರಸನ ಕಠಿನಯಾತ್ರೆ ಇದೇ ರೂಢಿಯ ಹಿರಿದಾದ ರೂಪವೆಂದು ಕಾಣುವುದು ಯುಕ್ತ.

ವಾಸುಕ್ರಿ ಎಂಬ ಕಡವಿನಿಂದ, ಅಂದರೆ ನಮ್ಮ ವಾಸುಕಿಯ ಹೆಸರಿನ ಕಡವಿನಿಂದ, ಹೊರಡುವ ಮೆರವಣಿಗೆ ವಾಟ್ ಅರುಣ್ ದಡದಲ್ಲಿ ಮುಗಿಯುತ್ತದೆ. ಹಂಸದ ಮುಖವುಳ್ಳ ಸುಫನ್ನಹೋಂಗ್ ಎಂಬ ನೌಕೆ 1911ರಲ್ಲಿ ನೀರಿಗಿಳಿದದ್ದು, ಸುಮಾರು 46 ಮೀಟರ್ ಉದ್ದದ್ದು. ಏಳು ಹೆಡೆಯ ಅನಂತನಾಗ ಇನ್ನೊಂದರ ಮೂಗು. ಗರುಡವಾಹನನಾದ ನಾರಾಯಣನುಳ್ಳ ನೌಕೆ 1996ರದು. 1932ರ ಕ್ರಾಂತಿಯ ಅನಂತರ ಮೆರವಣಿಗೆ ನಿಂತುಹೋಯಿತು. ಎರಡನೆಯ ಮಹಾಯುದ್ಧದ ಬಾಂಬುಗಳಿಂದ ಹಲವು ನೌಕೆಗಳು ಹಾನಿಗೊಂಡವು. 1957ರಲ್ಲಿ ಬುದ್ಧನ 2,500ನೆಯ ವರ್ಷದ ಉತ್ಸವದ ನಿಮಿತ್ತ ಅದು ಮರಳಿ ಚಾಲನೆಗೊಂಡಿತು. 2011ರಲ್ಲಿ ನಡೆಯಬೇಕಾಗಿದ್ದ ಯಾತ್ರೆ ಮಹಾಪ್ರವಾಹದಿಂದಾಗಿ ಮುಂದೆ ಹೋಗಿ 2012ರ ನವೆಂಬರಿನಲ್ಲಿ ಜರುಗಿತು. 2024ರ ಅಕ್ಟೋಬರ್ 27ರಂದು ಹತ್ತನೆಯ ರಾಮ 52 ನೌಕೆಗಳು, ಸುಮಾರು 2,200 ಮಂದಿ ಹುಟ್ಟುಗಾರರೊಡನೆ ಇಲ್ಲಿಗೆ ಬಂದು ಚೀವರವನ್ನು ಅರ್ಪಿಸಿದನು. ಇಂದಿನ ಹುಟ್ಟುಗಾರರು ನೌಕಾಪಡೆಯವರು. ಅಂಬಿಗರ ಮನೆತನಗಳ ಕಸುಬಾಗಿ ಅದು ಉಳಿದಿಲ್ಲ. ಮುಂಗಾಯಕನೊಬ್ಬ ಎತ್ತಿ ಹಾಡುವುದು, ಉಳಿದವರು ಹುಟ್ಟಿನ ಲಯಕ್ಕೆ ಸೊಲ್ಲು ಕೊಡುವುದು ಎಂಬ ಹಾಡುಗಾರಿಕೆಯ ಕ್ರಮ ಮಾತ್ರ ಅಂಬಿಗರದೇ. 18ನೆಯ ಶತಮಾನದಲ್ಲಿ ಅಯುತ್ಥಯದ ರಾಜಕುಮಾರ ತಮ್ಮತಿಬೇತ್ ರಚಿಸಿದ ನೌಕಾಗೀತೆಗಳು ದೋಣಿಗಳನ್ನು ಹೊಗಳಿ, ಮೀನು, ಹೂ, ಹಕ್ಕಿಗಳನ್ನು ಹೆಸರಿಸುತ್ತ ಸಾಗುತ್ತವೆ. ಕೆಲಸದ ಹಾಡೊಂದು ಆಸ್ಥಾನದ ಕಾವ್ಯವಾಗಿ ಮತ್ತೆ ಹುಟ್ಟುಗಾರರ ಬಾಯಿಗೇ ಮರಳಿದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ. ‘ನಿರಾತ್’ ಎಂಬ ಪ್ರವಾಸಕಾವ್ಯವೂ ಇದೇ ನೀರಿನ ಬೆಳೆ. ಕವಿ ದೋಣಿಯಲ್ಲಿ ಕುಳಿತು ದಡದ ಒಂದೊಂದು ಊರಿನ ಹೆಸರನ್ನೂ ಶ್ಲೇಷವಾಗಿ ತಿರುಗಿಸಿ ತನ್ನ ವಿರಹಕ್ಕೆ ಹೊಂದಿಸುತ್ತಾನೆ; 19ನೆಯ ಶತಮಾನದ ಸುಂಥೋನ್ ಫು ಇದರಲ್ಲಿ ಅಗ್ರಗಣ್ಯ.

ಕಠಿನದ ತಿಂಗಳು ಮುಗಿಯುವ ಕಾರ್ತಿಕದ ಹುಣ್ಣಿಮೆಯಂದು ಬಾಳೆದಿಂಡಿನ ದೊನ್ನೆಗಳಲ್ಲಿ ದೀಪ, ಊದುಬತ್ತಿ, ಹೂಗಳನ್ನಿಟ್ಟು ಹೊಳೆಗೆ ಬಿಡುತ್ತಾರೆ. ವರ್ಷವೆಲ್ಲ ನೀರನ್ನು ಬಳಸಿದುದಕ್ಕೆ, ಹೊಲಸು ಮಾಡಿದುದಕ್ಕೆ ‘ಮೇ ಖೋಂಗ್ಖಾ’ ಎಂಬ ತಾಯಿಯಲ್ಲಿ ಕ್ಷಮೆ ಕೇಳುವುದು ಇದರ ಉದ್ದೇಶವೆನ್ನುತ್ತಾರೆ. ಖೋಂಗ್ಖಾ ಗಂಗೆಯೇ. ನಮ್ಮಲ್ಲಿ ತುಂಬಿದ ಹೊಳೆಗೆ ಬಾಗಿನ ಕೊಡುವ, ಕಾರ್ತಿಕದಲ್ಲಿ ದೀಪ ತೇಲಿಬಿಡುವ ಆಚರಣೆಗಳೊಡನೆ ಹೋಲಿಕೆ ಎದ್ದು ಕಾಣುವಂಥದು. ಕೊಟ್ಟವರಾರು, ಕೊಂಡವರಾರು ಎಂಬ ಪ್ರಶ್ನೆಗೆ ಇಲ್ಲಿ ಕೈಹಾಕುವ ಅಗತ್ಯವಿಲ್ಲ. ಕ್ಷಮೆ ಕೇಳುವ ಅಂಶ ಅಲ್ಲಿ ಮುಂದಾಗಿದೆ, ಫಲ ಬೇಡುವ ಅಂಶ ನಮ್ಮಲ್ಲಿ ಮುಂದಾಗಿದೆ ಎಂಬ ವ್ಯತ್ಯಾಸವನ್ನು ಗುರುತಿಸಿದರೆ ಸಾಕು.

ಕಳೆದ ಒಂದು ದಶಕದಲ್ಲಿ ಕ್ಷೇತ್ರದ ಮುಖ ಬದಲಾಗಿದೆ. 2013ರಿಂದ 2017ರವರೆಗೆ ಶಿಖರದ ಜೀರ್ಣೋದ್ಧಾರ ನಡೆಯಿತು. ಅಟ್ಟಣೆ ಬಿಚ್ಚಿದಾಗ ಗಾರೆ ಅತಿಯಾಗಿ ಬೆಳ್ಳಗಾಗಿದೆ, ಹಳೆಯ ಚೂರುಗಳ ಜೋಡಣೆಯ ಸೊಗಸು ಕಳೆದಿದೆ ಎಂಬ ಟೀಕೆ ದೇಶದಲ್ಲೆಲ್ಲ ಎದ್ದಿತು. ಪಾಚಿಯನ್ನು ತೊಳೆದು ಮೂಲರೂಪವನ್ನೇ ತಂದುದಾಗಿ ಕಲಾ ಇಲಾಖೆ ಸಮರ್ಥಿಸಿಕೊಂಡಿತು. 2018ರ ದೂರದರ್ಶನ ಧಾರಾವಾಹಿಯೊಂದರಿಂದ ಹಳೆಯ ಕಾಲದ ಉಡುಪಿನ ಹುಚ್ಚು ಹತ್ತಿ, ದೇಗುಲದ ಸುತ್ತ ಬಾಡಿಗೆಗೆ ಉಡುಪು ಕೊಡುವ ಅಂಗಡಿಗಳು ತುಂಬಿಕೊಂಡವು. ಅರುಣೋದಯದ ಹೆಸರಿನ ಈ ಶಿಖರವನ್ನು ಬಹುಮಂದಿ ನೋಡುವುದು ಸೂರ್ಯಾಸ್ತದಲ್ಲಿ, ಎದುರು ದಡದಲ್ಲಿ ಕುಳಿತು. ಮೊದಲ ಬೆಳಕು ಪೂರ್ವದಿಂದ ಬಂದು ಪಿಂಗಾಣಿಯ ಮೇಲೆ ಬೀಳುವುದನ್ನು ಕಾಣುವವರು ಬೆಳಗಿನ ದೋಣಿಗಳವರು ಮಾತ್ರ.

ನದಿಯ ಮುಂದೆ ಹಸಿರುಗಲ್ಲಿನಲ್ಲಿ ಕಟ್ಟಿದ ಆರು ಚೀನೀ ಮಂಟಪಗಳಿವೆ. ನೀರಿನಿಂದ ಬಂದವರು ಮೊದಲು ಕಾಲಿಡಲೆಂದು ಕಟ್ಟಿದವು. ಸುರಂಗದ ರೈಲಿನಿಂದ ಇಸರಫಾಪ್ ನಿಲ್ದಾಣದಲ್ಲಿ ಇಳಿದು ಬೀದಿಯ ಕಡೆಯಿಂದ ಬರುವವರಿಗೆ ಅವು ಕೊನೆಯಲ್ಲಿ, ಬೆನ್ನ ಕಡೆಯಿಂದ ಕಾಣುತ್ತವೆ. ತಾ ತಿಯೆನ್ ಕಡವಿನ ದೋಣಿ ಈಗಲೂ ದಿನವಿಡೀ ದಾಟುತ್ತಿದೆ. ಅದರಲ್ಲಿ ಚಿತ್ರ ತೆಗೆಯುವವರು ಹೆಚ್ಚು. ಎದುರು ದಡದ ಶಾಲೆಗೂ ಪೇಟೆಗೂ ಹೋಗುವವರು ಅವರ ನಡುವೆ ಜಾಗ ಮಾಡಿಕೊಂಡು ನಿಲ್ಲುತ್ತಾರೆ.